ಗೇಟಿಗೆ ಕಟ್ಟಿದ ಬ್ಯಾನರ್

2025ರ ಮೇ 2ಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ನಮ್ಮ ಮನೆಯಲ್ಲಿ ಈ ಸಲ ಇಬ್ಬರು ಬರೆದಿದ್ದರು. ಅತ್ತೆಯ ಮಗಳು ಪುಟ್ಟಿ, ಚಿಕ್ಕಪ್ಪನ ಮಗ ತಮ್ಮ. ಇಬ್ಬರದೂ ಒಂದೇ ಶಾಲೆ, ಒಂದೇ ಸೆಕ್ಷನ್. ಪುಟ್ಟಿಗೆ 625ಕ್ಕೆ 608 ಬಂತು. ತಮ್ಮ ಐದು ವಿಷಯ ಪಾಸಾಗಿ ಗಣಿತದಲ್ಲಿ ಉಳಿದುಕೊಂಡ.

ಮರುದಿನ ಸಂಜೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಜೋರು ಚರ್ಚೆ ಆಯಿತು. ಎಲ್ಲರನ್ನೂ ಕೇಳಿಯೇ ಅದನ್ನು ಇಲ್ಲಿ ಹಾಕುತ್ತಿದ್ದೇನೆ. ತಮ್ಮನನ್ನೂ ಕೇಳಿದೆ. "ಹಾಕು ಅಕ್ಕ, ಕೊನೆಯ ಲೆಕ್ಕ ಮಾತ್ರ ಬಿಡಬೇಡ" ಎಂದ.

ದೊಡ್ಡಪ್ಪ: (ಫೋಟೊ) ಎಲ್ಲರೂ ನೋಡಿ! ಶಾಲೆಯ ಗೇಟಿನಲ್ಲಿ ನಮ್ಮ ಪುಟ್ಟಿ! ಎರಡನೇ ಸಾಲಿನಲ್ಲಿ ಮೊದಲನೆಯವಳು. ಇದನ್ನು ಎಲ್ಲ ಗುಂಪಿಗೂ ಕಳಿಸಿ.

ಅತ್ತೆ: ಅಣ್ಣ, ನೋಡಿ ಕಣ್ಣು ತುಂಬಿತು.

ಭಾವ: ಅಭಿನಂದನೆ ಪುಟ್ಟಿ! 608 ಅಂದರೆ ಸುಮ್ನೆ ಅಲ್ಲ.

ಅಕ್ಕ: ನಮ್ಮ ಚಿನ್ನ! ವಿಜ್ಞಾನದಲ್ಲಿ ಎಷ್ಟು?

ಅತ್ತೆ: 98.

ಇಲ್ಲಿಯವರೆಗೆ ಬರೀ ಖುಷಿ. ನಾನೂ ಹೂಗುಚ್ಛದ ಚಿತ್ರ ಹಾಕಿದ್ದೆ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಒಂಬತ್ತು ಮಕ್ಕಳ ಮುಖ, ಕೆಳಗೆ ಹೆಸರು, ಅಂಕ. ಮೇಲೆ ದಪ್ಪ ಅಕ್ಷರದಲ್ಲಿ 'ನಮ್ಮ ಶಾಲೆಯ ಹೆಮ್ಮೆ'. ಎಡಗಡೆ ಈ ಬ್ಯಾನರ್ ಸ್ವಲ್ಪ ಜಾರಿತ್ತು, ಹಿಂದೆ ಹಳೆಯದೊಂದು ಬ್ಯಾನರಿನ ಅಂಚು ಕಾಣುತ್ತಿತ್ತು. ನೀಲಿ ಬನಿಯನ್ನು, ಒಂದು ಭುಜ, ಅರ್ಧ ಕಪ್. ಅದು ಕಬಡ್ಡಿ ತಂಡದ ಫೋಟೊ. ತಾಲ್ಲೂಕು ಮಟ್ಟದಲ್ಲಿ ಗೆದ್ದಾಗ ಕಟ್ಟಿದ್ದು. ಆ ಭುಜ ನಮ್ಮ ತಮ್ಮನದು. ತಂಡದ ನಾಯಕ ಅವನೇ.

ನಾನು: ದೊಡ್ಡಪ್ಪ, ಈ ಫೋಟೊ ಬೇರೆ ಗುಂಪುಗಳಿಗೆ ಕಳಿಸುವುದು ಬೇಡ. ತಮ್ಮ ಈ ಗುಂಪಿನಲ್ಲಿ ಇದ್ದಾನೆ. ಹೊಸ ಬ್ಯಾನರನ್ನು ಅವನ ಫೋಟೊದ ಮೇಲೆಯೇ ಕಟ್ಟಿದ್ದಾರೆ, ಎಡ ಮೂಲೆ ನೋಡಿ.

ದೊಡ್ಡಪ್ಪ: ಜಾಗ ಇರಲಿಲ್ಲ, ಕಟ್ಟಿದ್ದಾರೆ. ಅದರಲ್ಲಿ ಏನಿದೆ?

ಭಾವ: ಇದೊಳ್ಳೆ ಆಯಿತು. ಒಬ್ಬರು ಪಾಸಾಗಲಿಲ್ಲ ಅಂತ ಇನ್ನೊಬ್ಬರು ಖುಷಿಪಡಬಾರದಾ? ವರ್ಷವಿಡೀ ಓದಿದ್ದಾಳೆ ಹುಡುಗಿ. ಗೆದ್ದವರ ಫೋಟೊ ಹಾಕದೆ ಇನ್ಯಾರದು ಹಾಕಬೇಕು?

ನಾನು: ಖುಷಿ ಬೇಡ ಅಂದೆನಾ ಭಾವ? ಡಿಸೆಂಬರಿನಲ್ಲಿ ಅದೇ ಗೇಟಿನಲ್ಲಿ ಅವನೂ 'ಶಾಲೆಯ ಹೆಮ್ಮೆ' ಆಗಿದ್ದ. ಮೇ ತಿಂಗಳಿಗೆ ಅವನ ಮೇಲೆ ಪರದೆ ಎಳೆದರು. ಹದಿನಾರು ವರ್ಷದ ಹುಡುಗನಿಗೆ ಅದು ಹೇಗೆ ಕಾಣುತ್ತದೆ ಅಂತ ಕೇಳುತ್ತಿದ್ದೇನೆ ಅಷ್ಟೆ.

ಭಾವ: ಕಬಡ್ಡಿ ಬೇರೆ, ಓದು ಬೇರೆ. ಪಿಯುಸಿಗೆ ಸೀಟು ಕೊಡುವಾಗ ಕಪ್ ಎಲ್ಲಿ ಅಂತ ಕೇಳುವುದಿಲ್ಲ, ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. ಪೈಪೋಟಿ ಇರುವ ಜಗತ್ತು. ಮಕ್ಕಳಿಗೆ ಈಗಲೇ ಗೊತ್ತಾಗಲಿ.

ಚಿಕ್ಕಮ್ಮ: ಗೊತ್ತಾಗಿದೆ. ನಿನ್ನೆ ಮಧ್ಯಾಹ್ನದಿಂದ ಬಾಗಿಲು ತೆರೆದಿಲ್ಲ.

ಈ ಸಾಲು ಬಂದ ಮೇಲೆ ಗುಂಪಿನಲ್ಲಿ ಆರೇಳು ನಿಮಿಷ ಏನೂ ಇಲ್ಲ. 'ಚಿಕ್ಕಮ್ಮ ಗುಂಪಿನಿಂದ ಹೊರಗೆ ಹೋಗಿದ್ದಾರೆ' ಎಂಬ ಸಣ್ಣ ಬೂದು ಸಾಲು ಮಾತ್ರ ಬಂತು.

ನಾನು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬಾಗಿಲ ಹತ್ತಿರವೇ ಇರಿ, ಬೈಯಬೇಡಿ, ಬುದ್ಧಿ ಹೇಳಲೂ ಹೋಗಬೇಡಿ, ಸುಮ್ನೆ ಅಲ್ಲೇ ಕೂತಿರಿ ಎಂದೆ. ಅಷ್ಟರಲ್ಲಿ ಅಕ್ಕ ಗುಂಪಿನಲ್ಲಿ ಬರೆದಿದ್ದಳು.

ಅಕ್ಕ: ಚಿಕ್ಕಪ್ಪ, 14416 ಬರೆದಿಟ್ಟುಕೊಳ್ಳಿ. ಟೆಲಿಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರಿಂದ ಇದೆ, ನಿಮ್ಹಾನ್ಸ್‌ನವರು ಅದರ ಹಿಂದೆ ಇದ್ದಾರೆ. ಅವನೇ ಮಾತಾಡಬೇಕು ಅಂತಿಲ್ಲ, ನೀವು ಮಾಡಿ ಏನು ಮಾಡಲಿ ಅಂತ ಕೇಳಬಹುದು.

ಚಿಕ್ಕಪ್ಪ: ಸರಿ ಮಗಳೇ.

ದೊಡ್ಡಪ್ಪ: ನನಗೆ ಇದು ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ.

ಮಾವ: ನಾನು ಒಂದು ಮಾತು ಹೇಳಲಾ? ಪುಟ್ಟಿಯ ಅಪ್ಪನಾಗಿ ಅಲ್ಲ, ಮೇಷ್ಟ್ರಾಗಿ.

ಮಾವ ಬೇರೆ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಜಾಸ್ತಿ ಮಾತಾಡುವವರಲ್ಲ. ಅವತ್ತು ಒಂದರ ಹಿಂದೆ ಒಂದು ಬರೆದರು. ಎಲ್ಲ ಸೇರಿಸಿ ಹಾಕುತ್ತಿದ್ದೇನೆ.

ಮಾವ: 2023ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ 83.89. 2024ರಲ್ಲಿ 73.40. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಅದೂ ಆ ವರ್ಷ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೂ ಅಷ್ಟು. ಈ ಸಲ ಆ ಹೆಚ್ಚಿನ ಕೃಪಾಂಕವೂ ಇಲ್ಲ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು ಬರೆದರು, ಮೂವರಲ್ಲಿ ಒಬ್ಬರಾದರೂ ಪರೀಕ್ಷೆ-1ರಲ್ಲಿ ಪಾಸಾಗಿಲ್ಲ. 625ಕ್ಕೆ 625 ತೆಗೆದವರು 22 ಜನ. ಪೇಪರು, ಟಿವಿ, ಗೇಟು ಎಲ್ಲ ಕಡೆ ಆ 22 ಜನರ ಹಾಗಿರುವವರೇ ಕಾಣುತ್ತಾರೆ. ಆ ಮೂರನೆಯವನು ಎಲ್ಲಿಯೂ ಇಲ್ಲ. ನಿನ್ನೆ ನಮ್ಮ ಶಾಲೆಯಲ್ಲಿ ಫಲಿತಾಂಶ ಬಂದ ಕೂಡಲೇ ನಾವು ಮೇಷ್ಟ್ರುಗಳು ಪಟ್ಟಿ ಹಂಚಿಕೊಂಡೆವು. ಪಾಸಾಗದ ಮಕ್ಕಳ ಮನೆಗೆ ಮೊದಲು ಫೋನ್, ಆಮೇಲೆ ಟಾಪರ್ ಮನೆಗೆ. ನನ್ನ ಪಾಲಿಗೆ ಹನ್ನೊಂದು ಮನೆ ಬಂದಿತ್ತು. ಹನ್ನೊಂದು ಮನೆ ಮುಗಿಸಿ ನನ್ನ ಮಗಳಿಗೆ ಫೋನ್ ಮಾಡಿದ್ದು ಸಂಜೆ ನಾಲ್ಕಕ್ಕೆ. ಅವಳು ಸಿಟ್ಟಾಗಲಿಲ್ಲ.

ಭಾವ: ಮಾವ, ನೀವು ಹೇಳುವುದು ಒಪ್ಪುತ್ತೇನೆ. ಆದರೆ ಟಾಪರ್ ಹೆಸರೇ ಹೇಳಬಾರದು ಅಂದರೆ ಓದುವವರಿಗೆ ಹುಮ್ಮಸ್ಸು ಎಲ್ಲಿಂದ ಬರುತ್ತದೆ?

ನಾನು: ತಮಿಳುನಾಡು 2017ರಲ್ಲೇ ರಾಜ್ಯದ ರ‍್ಯಾಂಕ್ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿತು. ಸಿಬಿಎಸ್‌ಇ ಕೂಡ ಈಗ ಮೆರಿಟ್ ಪಟ್ಟಿ ಕೊಡುವುದಿಲ್ಲ. ಅಲ್ಲಿನ ಮಕ್ಕಳು ಓದುವುದನ್ನೇನು ಬಿಟ್ಟಿಲ್ಲ ಭಾವ.

ಭಾವ: ಬೋರ್ಡ್ ನಿಲ್ಲಿಸಿದರೂ ಶಾಲೆಗಳು ಬ್ಯಾನರ್ ಹಾಕುತ್ತವೆ. ಅಡ್ಮಿಷನ್ ಆಗಬೇಕಲ್ಲ.

ಅಕ್ಕ: ಈಗ ಸರಿಯಾದ ಜಾಗಕ್ಕೆ ಬಂದಿರಿ. ಆ ಬ್ಯಾನರ್ ಅಡ್ಮಿಷನ್‌ಗೆ. ಅತ್ತೆ, ಪುಟ್ಟಿಯ ಫೋಟೊ ಹಾಕುವ ಮೊದಲು ಶಾಲೆಯವರು ನಿಮ್ಮನ್ನು ಕೇಳಿದರಾ?

ಅತ್ತೆ: ಇಲ್ಲ. ಹಾಲ್ ಟಿಕೆಟಿನ ಫೋಟೊ ತೆಗೆದು ಹಾಕಿದ್ದಾರೆ. ಆದರೆ ಕೇಳಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಅಕ್ಕ: ಕೇಳಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆ 18ರ ಒಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಅದು ಇನ್ನೂ ಪೂರ್ತಿ ಜಾರಿಗೆ ಬಂದಿಲ್ಲ, ನಿಜ. ಕಾನೂನು ಬರುವವರೆಗೆ ಮಕ್ಕಳನ್ನು ಕೇಳಬಾರದು ಅಂತೇನೂ ಇಲ್ಲವಲ್ಲ.

ನಾನು ಆಗ ಉದ್ದದ ಒಂದು ಮೆಸೇಜ್ ಬರೆದೆ. ಬರೆಯುವಾಗ ಕೈ ನಡುಗುತ್ತಿತ್ತು.

ನಾನು: ನನ್ನ ಫೋಟೊ ಕೂಡ ಒಂದು ವರ್ಷ ನೋಟಿಸ್ ಬೋರ್ಡಿನಲ್ಲಿ ಇತ್ತು, ನಿಮಗೆಲ್ಲ ನೆನಪಿದೆ. ನನ್ನ ಪಕ್ಕದ ಬೆಂಚಿನವಳು ಇಂಗ್ಲಿಷಿನಲ್ಲಿ ಫೇಲಾದಳು. ವಿಜ್ಞಾನದ ಚಿತ್ರ ಬಿಡಿಸುವುದನ್ನು ನನಗೆ ಕಲಿಸಿದವಳು ಅವಳು. ಹೃದಯದ ಸೀಳುನೋಟ, ಹೂವಿನ ಭಾಗಗಳು, ಎಲ್ಲ ಅವಳ ಕೈಯಿಂದ ಬಂದದ್ದು. ವಸ್ತು ಪ್ರದರ್ಶನಕ್ಕೆ ನಾವು ಮಾಡಿದ ಕಿಡ್ನಿ ಮಾದರಿಯಲ್ಲಿ ಮುಕ್ಕಾಲು ಪಾಲು ಅವಳ ಕೆಲಸ, ಬಹುಮಾನ ಇಬ್ಬರಿಗೂ ಬಂತು. ಪ್ರತಿಭಾ ಕಾರಂಜಿಗೆ ಹೋದಾಗ ನನ್ನ ಕಂಠಪಾಠ ತಪ್ಪಿದರೆ ಕೆಳಗೆ ನಿಂತು ತುಟಿ ಆಡಿಸಿ ಹೇಳಿಕೊಟ್ಟಳು. ಆ ಬೋರ್ಡು ಅಲ್ಲಿ ಇರುವವರೆಗೂ ಅವಳು ಟಿಸಿ ತೆಗೆದುಕೊಳ್ಳಲು ಬರಲಿಲ್ಲ. ಆಗಸ್ಟಿನಲ್ಲಿ ಬಂದಳು, ಶಾಲೆ ಬಿಟ್ಟ ಮೇಲೆ, ಯಾರೂ ಇಲ್ಲದಾಗ. ನಾನು ಅವಳ ಮನೆಗೆ ಒಂದು ಸಲವೂ ಹೋಗಲಿಲ್ಲ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಇವತ್ತು ಆ ಭುಜ ನೋಡಿದಾಗ ಅವಳೇ ಕಂಡಳು. ಶಾಲೆ ಅಂದರೆ ಮೂರು ಗಂಟೆಯ ಆರು ಪತ್ರಿಕೆ ಮಾತ್ರ ಅಲ್ಲ. ಹತ್ತು ವರ್ಷ ಇವರು ಜೊತೆಗೆ ಆಡಿದ್ದಾರೆ, ಬಿದ್ದಿದ್ದಾರೆ, ಒಬ್ಬರ ನೋಟ್ಸ್ ಇನ್ನೊಬ್ಬರು ಬರೆದುಕೊಂಡಿದ್ದಾರೆ. ಆ ಒಂಬತ್ತು ಮುಖಗಳ ಪಕ್ಕದಲ್ಲಿ ಇಡೀ ತರಗತಿಯ ಒಂದು ಗುಂಪು ಫೋಟೊ ಹಾಕಿದ್ದರೆ ಏನು ಕಳೆದುಹೋಗುತ್ತಿತ್ತು?

ದೊಡ್ಡಪ್ಪ: ಕಳೆದುಹೋಗುತ್ತಿರಲಿಲ್ಲ.

ಪುಟ್ಟಿ: ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಿದ್ದೀರಿ. ನನಗೂ ಹೇಳುವುದಿದೆ.

ಪುಟ್ಟಿ: ಅಕ್ಕ, ನಿಮ್ಮ ಮಾತು ಸರಿ. ಆದರೆ 608 ಬಂದ ದಿನ ನಾನು ತಪ್ಪು ಮಾಡಿದ ಹಾಗೆ ಕೂತಿದ್ದೇನೆ. ನವೆಂಬರಿನಿಂದ ಬೆಳಗ್ಗೆ ಐದಕ್ಕೆ ಎದ್ದಿದ್ದೇನೆ. ಸಮಾಜ ವಿಜ್ಞಾನ ನನಗೆ ತಲೆಗೆ ಹೋಗುತ್ತಿರಲಿಲ್ಲ, ಒಂದೊಂದು ಪಾಠ ನಾಲ್ಕು ಸಲ ಬರೆದಿದ್ದೇನೆ. ನನಗೆ ಖುಷಿಪಡಬೇಕು ಅನ್ನಿಸುತ್ತಿದೆ. ಅವನಿಗೆ ನೋವಾಗುತ್ತದೆ ಅಂತ ನಿನ್ನೆಯಿಂದ ನಗುವುದಕ್ಕೂ ಹೆದರುತ್ತಿದ್ದೇನೆ. ಅದೂ ಸರಿಯಲ್ಲ ಅಲ್ವಾ?

ಓದಿ ನನ್ನ ಎದೆ ಧಸಕ್ ಎಂದಿತು. ನಾನು ಯಾರ ಪರ ಜಗಳ ಆಡುತ್ತಿದ್ದೆನೋ ಅವನನ್ನು ನೋಡುತ್ತಾ, ಪಕ್ಕದಲ್ಲಿ ನಿಂತವಳನ್ನು ಮರೆತಿದ್ದೆ.

ನಾನು: ಸರಿಯಲ್ಲ ಪುಟ್ಟಿ. ನನ್ನದು ತಪ್ಪಾಯಿತು. ನೀನು ದುಡಿದು ತಂದ ಅಂಕ ಅದು. ಜೋರಾಗಿ ನಗು. ನನ್ನ ಜಗಳ ಆ ಬ್ಯಾನರಿನ ಜೊತೆ, ನಿನ್ನ ಜೊತೆ ಅಲ್ಲ.

ಪುಟ್ಟಿ: ಬ್ಯಾನರ್ ನನಗೂ ಇಷ್ಟ ಆಗಲಿಲ್ಲ. ಅಂಕ ಎಲ್ಲ ಬರೆದಿದ್ದಾರೆ. ನನ್ನ ಮುಂದಿನವಳಿಗೂ ನನಗೂ ಒಂದೇ ಅಂಕ ವ್ಯತ್ಯಾಸ, ಅವಳು ಮೇಲಿನ ಸಾಲು, ನಾನು ಕೆಳಗೆ. ಅದಕ್ಕೆ ನಿನ್ನೆಯಿಂದ ಅವಳೂ ಸರಿಯಾಗಿ ಮಾತಾಡುತ್ತಿಲ್ಲ. ಆಮೇಲೆ ದೊಡ್ಡಮಾವ, ಆ ಕಬಡ್ಡಿ ಬ್ಯಾನರ್ ಕಟ್ಟಿದಾಗ ನಾವೆಲ್ಲ ಗೇಟಿನಲ್ಲಿ ನಿಂತು ಕೂಗಿದ್ದೆವು. ಅದನ್ನು ಮುಚ್ಚಬಾರದಿತ್ತು.

ದೊಡ್ಡಪ್ಪ: ನಾನು ಸೋಮವಾರ ಹೆಡ್‌ಮಾಸ್ತರರನ್ನು ನೋಡುತ್ತೇನೆ. ಹಳೆಯ ವಿದ್ಯಾರ್ಥಿ ನಾನು, ನನ್ನ ಮಾತು ಕೇಳುತ್ತಾರೆ. ಎರಡನ್ನೂ ಅಕ್ಕಪಕ್ಕ ಕಟ್ಟಿಸುತ್ತೇನೆ. ಕಾಂಪೌಂಡು ಅಷ್ಟುದ್ದ ಇದೆ.

ಭಾವ: ಜೊತೆಗೆ ನಾನೂ ಬರುತ್ತೇನೆ.

ಮಾವ: ಅದಕ್ಕಿಂತ ಅವಸರದ್ದು ಇನ್ನೊಂದಿದೆ. ಪರೀಕ್ಷೆ-2 ಈ ತಿಂಗಳ ಕೊನೆಯ ವಾರ ಶುರು. ಶಾಲೆಯ ಮೂಲಕವೇ ಹೆಸರು ಕಳಿಸಬೇಕು, ದಿನ ಜಾಸ್ತಿ ಇಲ್ಲ. ದೊಡ್ಡಪ್ಪ ಹೋದಾಗ ಮೊದಲು ಆ ಕೆಲಸ ಮಾಡಲಿ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೂ ಈಗಲೇ ಅರ್ಜಿ ಹಾಕಿ. ಎಲ್ಲಿ ಅಂಕ ಹೋಯಿತು ಅಂತ ಅವನ ಕೈಬರಹದಲ್ಲೇ ಕಾಣುತ್ತದೆ. 2024ರಿಂದ ಮೂರು ಪರೀಕ್ಷೆ ಇದೆ, ಅದಾದ ಮೇಲೆ ಪರೀಕ್ಷೆ-3 ಕೂಡ ಇದೆ. ಮೊದಲಿನ ಹಾಗೆ 'ಸಪ್ಲಿಮೆಂಟರಿ' ಅನ್ನುವ ಹೆಸರೇ ಇಲ್ಲ. ಪಾಸಾದವರು ಕೂಡ ಜಾಸ್ತಿ ಅಂಕಕ್ಕೆ ಬರೆಯುತ್ತಾರೆ, ಯಾವುದರಲ್ಲಿ ಒಳ್ಳೆಯ ಅಂಕ ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ಹೀಗಾಗಿ ಆ ಕೊಠಡಿಯಲ್ಲಿ ಅವನೊಬ್ಬನೇ ಇರುವುದಿಲ್ಲ. ವರ್ಷವೂ ಹಾಳಾಗುವುದಿಲ್ಲ.

ಚಿಕ್ಕಪ್ಪ: ಅವನಿಗೆ ಬರವಣಿಗೆಯಲ್ಲಿ 80ಕ್ಕೆ 23 ಬಂದಿದೆ. 28 ಬೇಕಿತ್ತು.

ಮಾವ: ಐದು ಅಂಕ. ಒಂದು ಪ್ರಮೇಯ, ಒಂದು ಸಣ್ಣ ಲೆಕ್ಕ.

ರಾತ್ರಿ ಒಂಬತ್ತೂವರೆಗೆ ದೊಡ್ಡಪ್ಪ ಮೊದಲಿನ ಫೋಟೊ ಅಳಿಸಿದರು. ಅಳಿಸಿ ಎಂದು ಯಾರೂ ಹೇಳಿರಲಿಲ್ಲ. ಅದರ ಬದಲು ಅವರ ಹಳೆಯ ಫೋನಿನಿಂದ ಬೇರೆ ಫೋಟೊ ಹಾಕಿದರು. ಇಬ್ಬರೂ ಒಂದನೇ ತರಗತಿಗೆ ಸೇರಿದ ದಿನದ್ದು. ಪುಟ್ಟಿಯ ಚೀಲವನ್ನೂ ತಮ್ಮನೇ ಹೊತ್ತಿದ್ದಾನೆ. ಅಕ್ಕ ಚಿಕ್ಕಮ್ಮನನ್ನು ಮತ್ತೆ ಗುಂಪಿಗೆ ಸೇರಿಸಿದಳು. ಚಿಕ್ಕಮ್ಮ ಏನೂ ಬರೆಯಲಿಲ್ಲ, ಹೊರಗೂ ಹೋಗಲಿಲ್ಲ.

ಹತ್ತು ಗಂಟೆ ದಾಟಿತ್ತು.

ತಮ್ಮ: (ನೋಟ್‌ಬುಕ್ ಹಾಳೆಯ ಫೋಟೊ) 100ರಿಂದ 300ರ ನಡುವೆ 7ರಿಂದ ಭಾಗವಾಗುವ ಸಂಖ್ಯೆಗಳು ಎಷ್ಟು? ನನಗೆ 27 ಬರುತ್ತಿದೆ. ಉತ್ತರ 28 ಅಂತ ಇದೆ. ಯಾರಿಗಾದರೂ ಗೊತ್ತಾ?

ಗುಂಪಿನಲ್ಲಿ ಹತ್ತು ಜನ ಇದ್ದೇವೆ. ಹತ್ತೂ ಜನ ಆ ಹೊತ್ತಿಗೆ ಎದ್ದಿದ್ದೆವು ಅಂತ ಕಾಣುತ್ತದೆ. ಮೊದಲು ಬರೆದದ್ದು ಭಾವ.

ಭಾವ: ಮೊದಲನೇ ಸಂಖ್ಯೆ 105, ಕೊನೆಯದು 294. ಇದು ನಿನಗೆ ಬಂದಿದೆ, ಹಾಳೆಯಲ್ಲಿ ಸರಿಯಾಗಿ ಬರೆದಿದ್ದೀಯ. ಕಳೆದರೆ 189, ಏಳರಿಂದ ಭಾಗಿಸಿದರೆ 27. ಇಲ್ಲಿಯವರೆಗೂ ಸರಿ. ಈಗ ಬೇಲಿಯ ಕಂಬ ನೆನಪಿಸಿಕೋ. ಮೂರು ಕಂಬ ನೆಟ್ಟರೆ ನಡುವೆ ಎಷ್ಟು ಸಂದು?

ತಮ್ಮ: ಎರಡು.

ಭಾವ: 27 ಸಂದು ಇದ್ದರೆ?

ತಮ್ಮ: 28 ಕಂಬ.

ತಮ್ಮ: ಓ. ಒಂದು ಕೂಡಿಸುವುದು ಬಿಟ್ಟಿದ್ದೆ. ಪರೀಕ್ಷೆಯಲ್ಲೂ ಹೀಗೇ ಮಾಡಿದ್ದೇನೆ ಅನ್ನಿಸುತ್ತದೆ.

ಭಾವ: ನಾಳೆ ಬೆಳಗ್ಗೆ ಆರಕ್ಕೆ ವಿಡಿಯೊ ಕಾಲ್ ಮಾಡುತ್ತೇನೆ. ಸಮಾಂತರ ಶ್ರೇಢಿ ಪೂರ್ತಿ ಮುಗಿಸೋಣ.

ಪುಟ್ಟಿ: ಐದಕ್ಕೆ ಮಾಡಿ ಭಾವ. ನಾನೂ ಬರುತ್ತೇನೆ. ತ್ರಿಕೋನಮಿತಿ ನಾನು ಹೇಳಿಕೊಡುತ್ತೇನೆ.

ತಮ್ಮ: ಐದು ಬೇಡ. ಆರು.