ಕೊಲೆಗಾರನ ಕಥೆಯನ್ನು ಮೆಚ್ಚಿಕೊಂಡು ಕಸಿವಿಸಿಪಟ್ಟವರು ಏನು ಮಾಡಿದಿರಿ?

ಪ್ರಶ್ನೆ: ಪ್ಯಾಟ್ರಿಕ್ ಜ್ಯೂಸ್ಕಿಂಟ್ ಅವರ ‘ಪರ್ಫ್ಯೂಮ್’ ಓದಿ ಮುಗಿಸಿದೆ. ಬರವಣಿಗೆ ಮೋಹಕ, ಕಥಾನಾಯಕನೋ ಹುಡುಗಿಯರನ್ನು ಕೊಂದು ಅವರ ಮೈಗಂಧ ಕದಿಯುವವನು. ಇಷ್ಟವಾಯಿತು ಎನ್ನಲು ಮುಜುಗರ, ಮರೆಯಲೂ ಆಗುತ್ತಿಲ್ಲ. ಓದಿದವರು ಹೇಳಿ.

ಉತ್ತರ: ಮುಜುಗರ ಬೇಡ. 1985ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಈ ಕಾದಂಬರಿಯನ್ನು ಹೆಣೆದಿರುವುದೇ ಓದುಗರನ್ನು ಸಿಕ್ಕಿಸುವಂತೆ. ಕಥಾನಾಯಕ ಗ್ರೆನೂಯಿಯ ಪಕ್ಷವನ್ನು ನಾನು ಯಾವ ಪುಟದಲ್ಲಿ ವಹಿಸಿದೆ ಎಂದು ಹಿಂದಿರುಗಿ ಹುಡುಕಿದೆ. ಅದು ಕೊಲೆಗಳಿಗಿಂತ ಎಷ್ಟೋ ಮೊದಲೇ ಆಗಿಹೋಗಿತ್ತು. ಪ್ಯಾರಿಸ್ಸಿನ ಮೀನಂಗಡಿಯ ಕೊಳಕಿನಲ್ಲಿ ಹುಟ್ಟಿ ಯಾರಿಗೂ ಬೇಡವಾದ ಕೂಸು. ಕನಿಕರ ಅಲ್ಲಿಯೇ ಶುರು. ಆಮೇಲೆ ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧದ ಕಸುಬು: ಜಾಜಿ, ಸುಗಂಧರಾಜ ಹೂಗಳನ್ನು ತಣ್ಣನೆಯ ಕೊಬ್ಬಿನ ಮೇಲೆ ಹರಡುವುದು, ಬಾಡಿದ್ದನ್ನು ತೆಗೆದು ಹೊಸದನ್ನು ಇಡುವುದು, ಕೊಬ್ಬು ಹೀರಿದ ಗಂಧವನ್ನು ಮದ್ಯಸಾರದಿಂದ ಬೇರ್ಪಡಿಸುವುದು. ಎಷ್ಟು ರುಚಿಕಟ್ಟಾದ ವಿವರವೆಂದರೆ ನಾನು ಶಿಷ್ಯನಂತೆ ಕಲಿಯುತ್ತಾ ಕುಳಿತಿದ್ದೆ. ಮುಂದೆ ಅವನು ಕೊಬ್ಬು ಸವರಿದ ಬಟ್ಟೆಯನ್ನು ಸತ್ತ ಹುಡುಗಿಗೆ ಸುತ್ತುವಾಗ ನಮಗೆ ಯಾರೂ ಏನನ್ನೂ ವಿವರಿಸಬೇಕಿಲ್ಲ, ಕಲಿತಾಗಿದೆ. ಇದು ತಿಳಿದ ಮೇಲೆ ಅಸಹ್ಯವೇನೂ ಹೋಗಲಿಲ್ಲ; ನನ್ನ ಬಗ್ಗೆಯೇ ಇದ್ದ ಅನುಮಾನ ಹೋಯಿತು.

ಉತ್ತರ: ನಾನು ಅರ್ಧಕ್ಕೇ ಬಿಟ್ಟೆ. ಬೇಸರವಿಲ್ಲ.

ಉತ್ತರ: ಮೇಲಿನವರ ಮಾತು ಪೂರ್ತಿ ಒಪ್ಪಲಾರೆ. ಕಲೆಗಾರಿಕೆ ಅರ್ಥವಾಯಿತೆಂದು ಎಲ್ಲವೂ ಸರಿಹೋಗುವುದಿಲ್ಲ. ಸತ್ತ ಹುಡುಗಿಯರಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ, ಮಾತಿಲ್ಲ. ಹೆಸರಿರುವ ಲೋರ್ ಕೂಡ ಅವನ ಮೂಗಿಗೆ ಪರಿಮಳ ಮಾತ್ರ. ಎರಡನೆಯ ಸಲ ಓದುವಾಗ ನಾನು ಅವಳ ತಂದೆಯ ಹಿಂದೆ ಹೋದೆ. ಕೊಲೆಗಾರನ ತರ್ಕವನ್ನು ಊಹಿಸಿ, ಮಗಳನ್ನು ಕರೆದುಕೊಂಡು ಊರು ಬಿಡುವವನು ಅವನೊಬ್ಬನೇ. ಅಂಥವನೇ ಕೊನೆಗೆ ಆ ಹುಡುಗಿಯರ ಮೈಗಂಧದಿಂದ ಮಾಡಿದ ಪರಿಮಳಕ್ಕೆ ಸೋತು, ಮಗಳನ್ನು ಕೊಂದವನನ್ನು ಮಗನಾಗಿರು ಎಂದು ಬೇಡುತ್ತಾನೆ. ನನಗೆ ಕೊಲೆಗಳಿಗಿಂತ ಭೀಕರ ಎನಿಸಿದ್ದು ಈ ಜಾಗ. ಚೆಂದಕ್ಕೆ ಮರುಳಾದರೆ ಏನಾಗುತ್ತದೆ ಎಂಬುದನ್ನು ಪುಸ್ತಕವೇ ತೋರಿಸುತ್ತಿದೆ, ಆದರೂ ಅದೇ ಚೆಂದವನ್ನು ನಮಗೂ ಬಡಿಸುತ್ತಿದೆ. ಲೇಖಕರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಇರಲಿ.

ಉತ್ತರ: ದೊಡ್ಡ ವಿಚಾರಗಳು ನನಗೆ ತಿಳಿಯವು. ಇಂಥ ಪುಸ್ತಕದ ಬೆನ್ನಿಗೇ ಇನ್ನೊಂದು ಕೊಲೆಯ ಕಥೆ ಹಿಡಿಯಬೇಡಿ, ಮಲಗುವ ಮುನ್ನ ಓದಬೇಡಿ. ಓದಿದ ಒಬ್ಬರ ಜೊತೆ ಜಗಳವಾಡುವಷ್ಟು ಮಾತನಾಡಿ; ನನ್ನ ತಲೆಭಾರ ಇಳಿದದ್ದು ಹಾಗೆ. ಇನ್ನೊಬ್ಬರಿಗೆ ಕೊಡುವಾಗ ಮಾತ್ರ ‘ಬಹಳ ಚೆನ್ನಾಗಿದೆ’ ಎಂದಷ್ಟೇ ಹೇಳಿ ಕೊಡಬೇಡಿ. ಒಳಗೆ ಏನಿದೆ ಎಂದು ಮೊದಲೇ ತಿಳಿಸಿ, ಓದುವುದು ಬಿಡುವುದು ಅವರಿಗೆ ಬಿಟ್ಟದ್ದು.