2ನೇ ಮೇನ್ ಚರಂಡಿ, ಫುಟ್‌ಪಾತ್ ಕಾಮಗಾರಿ: ಟೆಂಡರ್‌ಗೆ ಮುಂಚೆ ನಕ್ಷೆ ನೋಡಬೇಕು

ನಿವಾಸಿಗಳ ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ 2ನೇ ಮೇನ್ ಕಾಮಗಾರಿಗೆ ಅಂದಾಜುಪಟ್ಟಿ ತಯಾರಾಗ್ತಿದೆ, ಟೆಂಡರ್ ಇನ್ನೂ ಕರೆದಿಲ್ಲ. ನಮ್ಮ ಆಕ್ಷೇಪಣೆ ಏನಿದ್ದರೂ ಈ ವಾರವೇ ಬರೆದು ಕೊಡಬೇಕು.

4ನೇ ಕ್ರಾಸ್, ನಿವೃತ್ತ ಎಂಜಿನಿಯರ್: ತಾಂತ್ರಿಕ ಮಂಜೂರಾತಿ ಕೊಡುವಾಗ ಮುಖ್ಯವಾಗಿ ನೋಡೋದು ಎಸ್‌ಆರ್ ದರ (ಇಲಾಖೆಯ ನಿಗದಿತ ದರಪಟ್ಟಿ), ಕಾಂಕ್ರೀಟ್ ಎಷ್ಟು ಘನ ಮೀಟರ್ ಅನ್ನೋದು. ನಡೆಯೋರಿಗೆ ಜಾಗ ಉಳಿಯುತ್ತಾ ಅಂತ ಹೊರಗಿನವರು ಕೂತು ಪರಿಶೀಲಿಸೋದಿಲ್ಲ. ದೆಹಲಿಯಲ್ಲಿ ಅದಕ್ಕೆ 1973ರ ಕಾಯ್ದೆಯಡಿ ನಗರ ಕಲಾ ಆಯೋಗ ಇದೆ. ಬೆಂಗಳೂರಲ್ಲಿ ಇದ್ದ ಆಯೋಗ ರದ್ದಾಯ್ತು, ದೊಡ್ಡ ನಷ್ಟ ಅದು. "ಫುಟ್‌ಪಾತ್ ಚೆನ್ನಾಗಿರಲಿ" ಅಂತ ಬರೆದರೆ ಪತ್ರ ಕಡತ ಸೇರುತ್ತೆ ಅಷ್ಟೇ. ಅಳತೆ ಬರೀರಿ.

6ನೇ ಕ್ರಾಸ್: ಯಾವ ನಕ್ಷೆ ಕೇಳಬೇಕು ಸರ್?

4ನೇ ಕ್ರಾಸ್: ಕ್ರಾಸ್ ಸೆಕ್ಷನ್ (ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದಂತೆ ಅಗಲ, ಎತ್ತರ ತೋರಿಸೋ ನಕ್ಷೆ), ಚರಂಡಿಯ ಎಲ್ ಸೆಕ್ಷನ್ (ಉದ್ದಕ್ಕೂ ತಳದ ಮಟ್ಟ ತೋರಿಸೋದು) ಎರಡೂ. ರಸ್ತೆ ಅತಿ ಕಿರಿದಾಗಿರೋ ಕಡೆಯ ಕ್ರಾಸ್ ಸೆಕ್ಷನ್ ಇರಲೇಬೇಕು. ಅಗಲವಿರೋ ಕಡೆಯದನ್ನೇ ಬರೆದು "ಟಿಪಿಕಲ್" ಅಂತ ಹಾಕಿದ್ರೆ ಒಪ್ಪಬೇಡಿ. ಐಆರ್‌ಸಿ 103ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ) ಪ್ರಕಾರ ಫುಟ್‌ಪಾತ್‌ನ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್. ಅಂದ್ರೆ ಕಂಬ, ಟ್ರಾನ್ಸ್‌ಫಾರ್ಮರ್, ಮರದ ಪಾತಿ ಬಿಟ್ಟು. ಕರ್ಬ್ (ಫುಟ್‌ಪಾತ್ ಅಂಚಿನ ಕಲ್ಲು) ಎತ್ತರ 150 ಮಿ.ಮೀ. ಮೀರಬಾರದು. ಎಲ್ ಸೆಕ್ಷನ್‌ನಲ್ಲಿ ಚರಂಡಿ ತಳ ರಾಜಕಾಲುವೆ ತಳಕ್ಕಿಂತ ಮೇಲಿದೆಯಾ ನೋಡಿ. ಕೆಳಗಿದ್ರೆ ಮಳೆನೀರು ವಾಪಸ್ ನಮ್ಮ ಬೀದಿಗೇ.

1ನೇ ಮೇನ್: ಗೇಟಿನ ವಿಷಯವೂ ಸೇರಿಸಿ. ಚರಂಡಿ ಸ್ಲ್ಯಾಬ್ ರಸ್ತೆಗಿಂತ ಒಂದೂವರೆ ಅಡಿ ಮೇಲೆ ಬಂದ್ರೆ ಪ್ರತಿ ಮನೆಯವರೂ ಕಾರಿಗೆ ಇಳಿಜಾರು ಕಟ್ಕೋತಾರೆ. ವಯಸ್ಸಾದವರು ಹತ್ತಿ ಇಳಿಯಲಾರದೆ ರಸ್ತೆಯಲ್ಲೇ ನಡೀತಾರೆ. ಗೇಟ್ ಮುಂದೆಯೂ ಫುಟ್‌ಪಾತ್ ಅದೇ ಮಟ್ಟದಲ್ಲಿ ಸಾಗಬೇಕು, ಇಳಿಜಾರು ಕರ್ಬ್ ಅಂಚಿನಲ್ಲಿ ಮಾತ್ರ.

7ನೇ ಕ್ರಾಸ್: ಡಾಂಬರಿಗೆ ಮುಂಚೆ ಮಿಲ್ಲಿಂಗ್ (ಹಳೇ ಡಾಂಬರು ಕೆರೆದು ತೆಗೆಯೋದು) ಐಟಂ ಅಂದಾಜುಪಟ್ಟಿಯಲ್ಲಿ ಇದೆಯಾ? ಹಳೇ ಪದರ ಕೆರೆಯದೆ ಸಲಕ್ಕೆ 40 ಮಿ.ಮೀ. ಹಾಕಿದ್ರೂ ಮೂರನೇ ಸಲಕ್ಕೆ 120. ನೀರಿಳಿಯೋ ಕಿಂಡಿ ಮುಚ್ಚುತ್ತೆ, ಫುಟ್‌ಪಾತ್ ಮೇಲೆ ಬೈಕ್ ಹತ್ತುತ್ತೆ.

ಕಾರ್ಯದರ್ಶಿ: ನಕ್ಷೆ ಕೊಡದಿದ್ರೆ?

3ನೇ ಕ್ರಾಸ್: ಮಾಹಿತಿ ಹಕ್ಕು ಅರ್ಜಿ ಇವತ್ತೇ ಹಾಕೋಣ. ಶುಲ್ಕ 10 ರೂಪಾಯಿ. ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಪ್ರತಿಯ ಜೊತೆಗೆ ಕಡತ ಪರಿಶೀಲನೆಗೂ ಅವಕಾಶ ಕೇಳಿ, ಕಲಂ 2(ಜೆ) ಆ ಹಕ್ಕು ಕೊಡುತ್ತೆ. ಆದರೆ ಉತ್ತರಕ್ಕೆ 30 ದಿನ ಗಡುವು, ಅಷ್ಟರಲ್ಲಿ ಟೆಂಡರ್ ಆಗಿಬಿಡಬಹುದು. ಆಮೇಲೆ ಅಳತೆ ಬದಲಿಸೋಕೆ ಹೆಚ್ಚುವರಿ ಐಟಂಗೆ ಮತ್ತೆ ಮಂಜೂರಾತಿ ಬೇಕು. ಅದಕ್ಕೇ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಪತ್ರ ಬೇರೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ.

ಕಾರ್ಯದರ್ಶಿ: ಸರಿ. ಭಾನುವಾರ ಬೆಳಗ್ಗೆ 7ಕ್ಕೆ ಟೇಪ್ ಹಿಡಿದು ಸೇರೋಣ. 20 ಮೀಟರಿಗೊಂದು ಕಡೆ ಅಗಲ ಅಳೆದು, ಕಂಬ, ಮರ ಗುರುತಿಸಿ ಪತ್ರಕ್ಕೆ ಲಗತ್ತಿಸೋಣ. ಬರೋರು ಕ್ರಾಸ್ ನಂಬರ್ ಹಾಕಿ.