ಬಾಂಗಿಯ ಆರ್ಚ್‌ಬಿಷಪ್ ಮತ್ತು ಇಮಾಮರು: ಜಂಟಿ ಹೇಳಿಕೆಯ ಆಚೆಗೆ ನಡೆದದ್ದೇನು?

ಪ್ರಶ್ನೆ:
ಉಗ್ರರ ದಾಳಿ ನಡೆದಾಗಲೆಲ್ಲ ಕ್ಯಾಥೋಲಿಕ್ ಬಿಷಪ್ಪರೂ ಮುಸ್ಲಿಂ ಧರ್ಮಗುರುಗಳೂ ಸೇರಿ ಖಂಡನಾ ಹೇಳಿಕೆ ಹೊರಡಿಸುವುದನ್ನು ಓದುತ್ತಲೇ ಇರುತ್ತೇವೆ. ಕೋವಿ ಹಿಡಿದವನು ಅದನ್ನು ಓದುತ್ತಾನೆಯೇ ಎಂಬುದು ನನ್ನ ಅನುಮಾನ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಇಂಥ ಪ್ರಯತ್ನದಿಂದ ಜೀವಗಳು ಉಳಿದವು ಎನ್ನುತ್ತಾರೆ. ಬಲ್ಲವರು ದಯವಿಟ್ಟು ವಿವರಿಸುವಿರಾ?

ಉತ್ತರ 1:
ತಮ್ಮ ಅನುಮಾನದಲ್ಲಿ ಹುರುಳಿದೆ. ಅಲ್ಲಿ ಕೆಲಸಕ್ಕೆ ಬಂದದ್ದು ಸಹಿಗಿಂತ ಹೆಚ್ಚಾಗಿ ಸೂರು. 2013ರ ಮಾರ್ಚ್‌ನಲ್ಲಿ, ಬಹುಪಾಲು ಮುಸ್ಲಿಮರಿದ್ದ ಸೆಲೆಕಾ ಬಂಡುಕೋರರು ರಾಜಧಾನಿ ಬಾಂಗಿಯನ್ನು ವಶಪಡಿಸಿಕೊಂಡು ಕೊಲೆ ಸುಲಿಗೆಗಿಳಿದರು. ಅವರಿಗೆ ಎದುರಾಗಿ ಎದ್ದ ಆಂಟಿ-ಬಲಾಕಾ ಗುಂಪುಗಳು ಡಿಸೆಂಬರ್ 5ರಂದು ನಗರದ ಮೇಲೆ ಎರಗಿದ ಬಳಿಕ, ಸೆಲೆಕಾದ ಗೊಡವೆಯೇ ಇಲ್ಲದ ಸಾಮಾನ್ಯ ಮುಸ್ಲಿಮರು ಬಲಿಯಾಗತೊಡಗಿದರು. ಇಮಾಮ್ ಒಮರ್ ಕೊಬಿನ್ ಲಯಾಮಾ ಅವರಿಗೂ ಮನೆಯಲ್ಲಿ ಉಳಿಯುವಂತಿರಲಿಲ್ಲ. ಆರ್ಚ್‌ಬಿಷಪ್ ದ್ಯುದೊನೆ ನ್ಜಪಲೈಂಗಾ ಈ ಇಮಾಮರನ್ನು ತಮ್ಮ ನಿವಾಸದಲ್ಲೇ ಇರಿಸಿಕೊಂಡರು, ಅದೂ ತಿಂಗಳುಗಟ್ಟಲೆ. ಪ್ರೊಟೆಸ್ಟಂಟ್ ಪಾಸ್ಟರ್ ನಿಕೊಲಾ ಗೆರೆಕೊಯಾಮೆ ಅವರನ್ನೂ ಕೂಡಿಕೊಂಡು ಮೂವರೂ ಶಾಂತಿ ಸಾರುತ್ತ ಊರೂರು ಸುತ್ತಿದರು.

ಬೊಸೆಂಪ್ಟೆಲೆ ಎಂಬ ಸಣ್ಣ ಊರಿನ ಕ್ಯಾಥೋಲಿಕ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ಕಿನ್ವಿ ಎಂಬ ಯುವ ಪಾದ್ರಿ ಎರಡೂ ಕಡೆಯ ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುತ್ತಿದ್ದರು. 2014ರ ಜನವರಿಯಲ್ಲಿ ಆಂಟಿ-ಬಲಾಕಾ ಊರಿಗೆ ನುಗ್ಗಿದಾಗ, ಎದೆಯ ಮೇಲೆ ದೊಡ್ಡ ಕೆಂಪು ಶಿಲುಬೆಯಿರುವ ಕಪ್ಪು ನಿಲುವಂಗಿ ತೊಟ್ಟು, ಅಡಗಿ ಕುಳಿತವರನ್ನು ಹುಡುಕಿ ಹುಡುಕಿ ಕರೆತಂದರು. ಸಾವಿರಕ್ಕೂ ಹೆಚ್ಚು ಮುಸ್ಲಿಮರು ಅಲ್ಲಿ ಆಶ್ರಯ ಪಡೆದರು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಹೊರಗಿನ ಪತ್ರಿಕೆಗಳು ಆಂಟಿ-ಬಲಾಕಾವನ್ನು ‘ಕ್ರೈಸ್ತ ಸೇನೆ’ ಎಂದು ಕರೆದದ್ದನ್ನು ಅಲ್ಲಿನ ಬಿಷಪ್ಪರು ಒಪ್ಪಲಿಲ್ಲ. ಆ ಹೋರಾಟಗಾರರ ಕೊರಳಲ್ಲಿ ನೇತಾಡುತ್ತಿದ್ದದ್ದು ಗುಂಡು ತಾಗದಿರಲೆಂದು ಕಟ್ಟಿಕೊಂಡ ತಾಯಿತಗಳ ಗೊಂಚಲು. ಅಧಿಕಾರ, ವಜ್ರದ ಗಣಿ, ದನಗಾಹಿಗಳಿಗೂ ಬೇಸಾಯಗಾರರಿಗೂ ನಡುವಿನ ಹಳೆಯ ತಕರಾರು, ಇವೆಲ್ಲ ಸೇರಿ ಹೊತ್ತಿಸಿದ ಬೆಂಕಿಗೆ ಧರ್ಮದ ಹೆಸರು ಅಂಟಿಕೊಂಡಿತು. ಇದು ಧರ್ಮಯುದ್ಧವಲ್ಲ ಎಂದು ಮೂವರೂ ಒಟ್ಟಿಗೆ ನಿಂತು ಹೇಳಿದ್ದೇ, ನನ್ನ ದೃಷ್ಟಿಯಲ್ಲಿ, ಅವರ ದೊಡ್ಡ ಕೆಲಸ. ಒಬ್ಬರೇ ಹೇಳಿದ್ದರೆ ಸ್ವಪಕ್ಷದ ಸಮರ್ಥನೆಯಂತೆ ಕೇಳಿಸುತ್ತಿತ್ತು.

ಉತ್ತರ 3:
ಹಾಗೆಂದು ಎಲ್ಲವೂ ಸರಿಹೋಯಿತು ಎಂದುಕೊಳ್ಳಬಾರದು. 2015ರ ನವೆಂಬರ್ 30ರಂದು ಪೋಪ್ ಫ್ರಾನ್ಸಿಸ್ ಅವರು, ದಿಗ್ಬಂಧನದಲ್ಲಿದ್ದ ಪಿಕೆ-5 ಎಂಬ ಮುಸ್ಲಿಂ ಬಡಾವಣೆಯ ಮಸೀದಿಗೆ ಹೋಗಿಬಂದರು. ಮರುವರ್ಷ ನ್ಜಪಲೈಂಗಾ ಕಾರ್ಡಿನಲ್ ಆದರು. ಆದರೂ 2018ರ ಮೇ 1ರಂದು ಬಾಂಗಿಯ ಫಾತಿಮಾ ಮಾತೆಯ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗಲೇ ದಾಳಿಯಾಗಿ, ಪಾದ್ರಿಯೊಬ್ಬರೂ ಭಕ್ತರೂ ಹತರಾದರು.

ಆಶ್ರಯಕ್ಕೂ ಮಿತಿಯಿತ್ತು. 2017ರ ಮೇ ತಿಂಗಳಲ್ಲಿ ಬಾಂಗಸೂ ಪಟ್ಟಣದ ಮಸೀದಿಯಲ್ಲಿ ಸಿಕ್ಕಿಬಿದ್ದ ಮುಸ್ಲಿಮರ ರಕ್ಷಣೆಗೆ ಬಿಷಪ್ ಹ್ವಾನ್ ಹೋಸೆ ಅಗಿರೆ ತಾವೇ ಅಡ್ಡ ನಿಂತರು. ಅಲ್ಲಿಂದ ಸುಮಾರು 2,000 ಮಂದಿಯನ್ನು ಕ್ಯಾಥೋಲಿಕ್ ಸೆಮಿನರಿಗೆ (ಪಾದ್ರಿಗಳ ತರಬೇತಿ ಶಾಲೆಗೆ) ಸಾಗಿಸಲಾಯಿತು. ಪ್ರಾಣವೇನೋ ಉಳಿಯಿತು, ಆದರೆ ಬಹುಕಾಲ ಅವರು ಆ ಆವರಣದಿಂದ ಹೊರಗೆ ಕಾಲಿಡುವಂತಿರಲಿಲ್ಲ.